ವರ್ಜನಾಹಾರ ಕ್ರಮ

ವರ್ಜನಾಹಾರ ಕ್ರಮವೆಂಬುದು, ರೋಗಿಯ ಬಾಧೆಗೆ ಕಾರಣವಾಗಿರಬಹುದೆಂದು ಶಂಕಿಸಲಾದ ಒಂದು ಅಥವಾ ಹಲವು ಆಹಾರಪದಾರ್ಥಗಳನ್ನು ನಿಯತಕಾಲದವರೆಗೆ ಸಂಪೂರ್ಣವಾಗಿ ಬಿಡಿಸಿ, ಬಾಧೆ ಶಮನವಾಯಿತೇ ಎಂಬುದನ್ನು ನೋಡಿ, ತರುವಾಯ ಅವುಗಳನ್ನು ಒಂದೊಂದಾಗಿ ಮರಳಿ ತಿನ್ನಿಸಿ, ಬಾಧೆ ಮರುಕಳಿಸುವುದೇ ಎಂಬುದನ್ನು ಪರೀಕ್ಷಿಸುವುದರ ಮೂಲಕ ಆಹಾರದ ಅಲರ್ಜಿಯನ್ನೂ ಅಸಹಿಷ್ಣುತೆಯನ್ನೂ ಗುರುತಿಸುವ ವೈದ್ಯಕೀಯ ವಿಧಾನ. ಹೆಸರಿನಲ್ಲಿ ವರ್ಜನೆಯೊಂದೇ ಕಾಣುವುದಾದರೂ ವಿಧಾನದ ಪ್ರಾಮಾಣ್ಯವೆಲ್ಲ ನಿಂತಿರುವುದು ಅದರ ಉತ್ತರಾರ್ಧದ ಮೇಲೆ, ಎಂದರೆ ಬಿಟ್ಟದ್ದನ್ನು ಮರಳಿ ತಿಂದು ನೋಡುವುದರ ಮೇಲೆ. ಇದು ರೋಗವನ್ನು ತಿಳಿಯುವ ಸಾಧನವಾದುದರಿಂದ, ಮೈತೂಕ ಇಳಿಸುವ ಪಥ್ಯಗಳಿಂದಲೂ ಶರೀರಶುದ್ಧಿಗೆಂದು ಕೈಗೊಳ್ಳುವ ಉಪವಾಸಗಳಿಂದಲೂ ಇದನ್ನು ಪ್ರತ್ಯೇಕವಾಗಿ ಎಣಿಸತಕ್ಕದ್ದು.

ಪರಿಭಾಷೆ

ಆಡುಮಾತಿನಲ್ಲಿ ‘ನನಗೆ ಅದು ಒಗ್ಗದು’, ‘ಬದನೆಕಾಯಿ ನಂಜು’, ‘ಮೈಮೇಲೆ ಪಿತ್ತದ ಗಂಧೆ ಎದ್ದಿತು’ ಎಂದು ಹೇಳುವಾಗ ಪರಸ್ಪರ ಸಂಬಂಧವಿಲ್ಲದ ನಾಲ್ಕಾರು ಶಾರೀರಿಕ ವ್ಯಾಪಾರಗಳು ಒಂದೇ ಮಾತಿನೊಳಗೆ ಸೇರಿಹೋಗುತ್ತವೆ. ಆದಕಾರಣ ವಿಧಾನವನ್ನು ವಿವರಿಸುವುದಕ್ಕೆ ಮುಂಚೆ ಪದಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯ.

ಅಲರ್ಜಿ ಎಂಬ ಪದವನ್ನು ಇಲ್ಲಿ, ಆಹಾರದಲ್ಲಿರುವ ಯಾವುದಾದರೊಂದು ಅಂಶಕ್ಕೆ, ಸಾಮಾನ್ಯವಾಗಿ ಒಂದು ಪ್ರೋಟೀನಿಗೆ, ಶರೀರದ ರೋಗರಕ್ಷಣಾ ವ್ಯವಸ್ಥೆ ತೋರುವ ಅಹಿತಕರ ಪ್ರತಿಕ್ರಿಯೆಗೆ ಮಾತ್ರ ಬಳಸಲಾಗಿದೆ. ಇದರಲ್ಲಿ ಎರಡು ಬಗೆ ಮುಖ್ಯ. ಐಜಿಇ ಎಂಬ ಪ್ರತಿಕಾಯದಿಂದ ಉಂಟಾಗುವ ಶೀಘ್ರ ಅಲರ್ಜಿಯಲ್ಲಿ, ತಿಂದ ಕೆಲವು ನಿಮಿಷಗಳಿಂದ ಹಿಡಿದು ಸುಮಾರು ಎರಡು ಗಂಟೆಯೊಳಗಾಗಿ ಗಂಧೆ, ತುಟಿ ಕಣ್ಣುಗಳ ಊತ, ವಾಂತಿ, ಉಬ್ಬಸ ಇವು ತೋರುತ್ತವೆ. ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಎರವಾಗುವ ಅನಾಫಿಲ್ಯಾಕ್ಸಿಸ್ ಈ ಬಗೆಯ ಉಗ್ರಸ್ವರೂಪ. ಐಜಿಇ ಪಾತ್ರವಿಲ್ಲದ ವಿಳಂಬಿತ ಅಲರ್ಜಿಯಲ್ಲಾದರೋ ಬಾಧೆ ಹಲವು ಗಂಟೆಗಳ, ಕೆಲವೊಮ್ಮೆ ದಿನಗಳ ಅನಂತರ ಪ್ರಕಟವಾಗುತ್ತದೆ. ಹಸುಗೂಸಿನ ಮಲದಲ್ಲಿ ಕಾಣುವ ರಕ್ತದ ಎಳೆಗಳು ಇದಕ್ಕೆ ಪರಿಚಿತ ನಿದರ್ಶನ. ರೋಗರಕ್ಷಣಾ ವ್ಯವಸ್ಥೆಯ ಸಂಬಂಧವಿಲ್ಲದೆ ಉಂಟಾಗುವ ತೊಂದರೆಗೆ ಅಸಹಿಷ್ಣುತೆ ಎಂದು ಹೆಸರು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಕರುಳಿನಲ್ಲಿ ಕಡಿಮೆಯಾದವರಿಗೆ ಒಂದು ಲೋಟ ಹಾಲು ಹೊಟ್ಟೆಯುಬ್ಬರವನ್ನೂ ಭೇದಿಯನ್ನೂ ತರುತ್ತದೆ, ಆದರೆ ಕಾಫಿಗೆ ಬೆರೆಸಿದ ಸ್ವಲ್ಪ ಹಾಲಾಗಲಿ ಅನ್ನಕ್ಕೆ ಕಲೆಸಿದ ಮಜ್ಜಿಗೆಯಾಗಲಿ ತೊಂದರೆ ಕೊಡದೆ ಹೋಗಬಹುದು. ಹೀಗೆ ಅಸಹಿಷ್ಣುತೆಯಲ್ಲಿ ಪ್ರಮಾಣವೇ ಪ್ರಧಾನ. ಅಲರ್ಜಿಯಲ್ಲಿ ಅತ್ಯಲ್ಪವೂ ಸಾಕಾದೀತು.

ಚರ್ಮಪರೀಕ್ಷೆಯಲ್ಲಿ ಅಥವಾ ರಕ್ತಪರೀಕ್ಷೆಯಲ್ಲಿ ಒಂದು ಆಹಾರಕ್ಕೆ ಐಜಿಇ ಇರುವುದು ಕಂಡುಬಂದರೆ ಆ ಸ್ಥಿತಿಗೆ ಸಂವೇದೀಕರಣವೆಂದು ಹೆಸರು. ಸಂವೇದೀಕರಣವುಳ್ಳ ಅನೇಕರು ಆ ಆಹಾರವನ್ನು ನಿರಾತಂಕವಾಗಿ ತಿನ್ನುತ್ತಿರುತ್ತಾರಾದುದರಿಂದ ಅದನ್ನೇ ಅಲರ್ಜಿ ಎಂದು ತಿಳಿಯಕೂಡದು. ಗೋಧಿಯ ಗ್ಲುಟೆನ್ನಿನಿಂದ ಸಣ್ಣಕರುಳು ಹಾಳಾಗುವ ಸೀಲಿಯಾಕ್ ರೋಗ ಸ್ವಪ್ರತಿರಕ್ಷಾ ವ್ಯಾಧಿ. ಅದು ಮೇಲೆ ಹೇಳಿದ ಯಾವ ವರ್ಗಕ್ಕೂ ಸೇರದು. ಬಿಟ್ಟ ಆಹಾರವನ್ನು ಮರಳಿ ಕೊಟ್ಟು ನೋಡುವ ಕ್ರಿಯೆಯನ್ನು ಈ ಲೇಖನದಲ್ಲಿ ಪ್ರಾಶನ ಪರೀಕ್ಷೆ ಎಂದು ಕರೆಯಲಾಗಿದೆ.

ಹಿನ್ನೆಲೆ

ಶಂಕಿತ ಆಹಾರವನ್ನು ಕೊಟ್ಟೂ ಬಿಡಿಸಿಯೂ ರೋಗವನ್ನು ತಿಳಿಯಬಹುದೆಂಬ ವಿಚಾರ ಭಾರತೀಯ ವೈದ್ಯದಲ್ಲಿ ಪ್ರಾಚೀನವಾದುದು. ಆಯುರ್ವೇದದ ನಿದಾನಪಂಚಕದಲ್ಲಿ ನಿದಾನ, ಪೂರ್ವರೂಪ, ರೂಪ, ಸಂಪ್ರಾಪ್ತಿಗಳ ಜೊತೆಗೆ ಉಪಶಯವೆಂಬ ಅಂಗವೊಂದುಂಟು. ಲಕ್ಷಣಗಳು ಗೂಢವಾಗಿರುವ ವ್ಯಾಧಿಯನ್ನು, ಔಷಧ ಅನ್ನ ವಿಹಾರಗಳಲ್ಲಿ ಯಾವುದರಿಂದ ರೋಗಿಗೆ ಸುಖವಾಗುತ್ತದೆ, ಯಾವುದರಿಂದ ಬಾಧೆ ಹೆಚ್ಚುತ್ತದೆ ಎಂಬುದನ್ನು ನೋಡಿ ನಿರ್ಣಯಿಸಬೇಕೆಂದು ಚರಕಸಂಹಿತೆಯ ವಿಮಾನಸ್ಥಾನ ವಿಧಿಸುತ್ತದೆ. ಇದರಿಂದ ಅಲರ್ಜಿಯ ಜ್ಞಾನ ಆ ಕಾಲಕ್ಕೇ ಇತ್ತೆಂದು ಹೇಳಲಾಗದು. ಪರೀಕ್ಷೆಯ ತರ್ಕ ಮಾತ್ರ ಎರಡರಲ್ಲಿಯೂ ಒಂದೇ.

ಅಲರ್ಜಿ ಎಂಬ ಶಬ್ದವನ್ನು ವಿಯೆನ್ನಾದ ಶಿಶುವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಸೃಷ್ಟಿಸಿದನು. 1912ರಲ್ಲಿ ನ್ಯೂಯಾರ್ಕಿನ ಆಸ್ಕರ್ ಶ್ಲಾಸ್, ಮೊಟ್ಟೆ ಬಾದಾಮಿ ಓಟ್ಸ್‌ಗಳಿಂದ ಬಾಧೆಪಡುತ್ತಿದ್ದ ಬಾಲಕನೊಬ್ಬನಲ್ಲಿ ಚರ್ಮದ ಮೇಲೆ ಗೀರಿ ಮಾಡುವ ಪರೀಕ್ಷೆಯನ್ನು ನಡೆಸಿ ತೋರಿಸಿದನು. 1921ರಲ್ಲಿ ಕಾರ್ಲ್ ಪ್ರಾಸ್ನಿಟ್ಸ್, ಮೀನು ಒಗ್ಗದಿದ್ದ ತನ್ನ ಸಹೋದ್ಯೋಗಿ ಹೈನ್ಸ್ ಕ್ಯೂಸ್ಟ್ನರನ ರಕ್ತದ ಸೀರಮ್ಮನ್ನು ತನ್ನ ಚರ್ಮದೊಳಕ್ಕೆ ಚುಚ್ಚಿಕೊಂಡು, ಬಳಿಕ ಅದೇ ಸ್ಥಳದಲ್ಲಿ ಮೀನಿನ ಸಾರವನ್ನು ಚುಚ್ಚಿಕೊಂಡಾಗ ಅಲ್ಲಿ ದದ್ದು ಎದ್ದಿತು. ಅಲರ್ಜಿಯ ಕಾರಕ ರಕ್ತದಲ್ಲಿ ಸಂಚರಿಸುವ ವಸ್ತುವೆಂಬುದು ಇದರಿಂದ ಸಿದ್ಧವಾಯಿತು. ಆ ವಸ್ತು ಐಜಿಇ ಎಂದು ತಿಳಿಯಲು 1966–67ರವರೆಗೆ ಕಾಯಬೇಕಾಯಿತು. ಅಮೆರಿಕದ ಡೆನ್ವರಿನಲ್ಲಿ ಇಶಿಜಾಕಾ ದಂಪತಿಗಳೂ ಸ್ವೀಡನ್ನಿನ ಉಪ್ಸಾಲಾದಲ್ಲಿ ಯೊಹಾನ್ಸನ್ ಮತ್ತು ಬೆನ್ನಿಕ್ ಅವರೂ ಬೇರೆ ಬೇರೆಯಾಗಿ ಅದನ್ನು ಕಂಡುಹಿಡಿದರು.

ವರ್ಜನಾಹಾರವನ್ನು ವ್ಯವಸ್ಥಿತ ವಿಧಾನವನ್ನಾಗಿ ರೂಪಿಸಿದವನು ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನ ವೈದ್ಯ ಆಲ್ಬರ್ಟ್ ರೋ. ಆಹಾರದಿಂದಲೇ ಬಾಧೆಯಾಗುತ್ತಿರುವ ಅನೇಕ ರೋಗಿಗಳಲ್ಲಿ ಚರ್ಮಪರೀಕ್ಷೆ ಏನನ್ನೂ ತೋರದಿರುವುದನ್ನು ಗಮನಿಸಿದ ಈತನು 1920ರ ದಶಕದಲ್ಲಿ, ಹಾಲು, ಮೊಟ್ಟೆ, ಗೋಧಿಗಳನ್ನು ಮೊದಲು ಕಳೆದು, ಅಪರೂಪಕ್ಕೆ ಮಾತ್ರ ಬಾಧಿಸುವ ಪದಾರ್ಥಗಳಿಂದ ಕೂಡಿಸಿದ ಸಿದ್ಧಪಟ್ಟಿಗಳನ್ನು ಪ್ರಚಾರಕ್ಕೆ ತಂದನು. 1941ರಲ್ಲಿ ಈ ವಿಷಯವಾಗಿಯೇ ಒಂದು ಗ್ರಂಥವನ್ನು ಪ್ರಕಟಿಸಿದನು. ಹಾಲೆಂಡಿನ ಶಿಶುವೈದ್ಯ ವಿಲೆಮ್ ಡಿಕೆ, ಸೀಲಿಯಾಕ್ ರೋಗಿಗಳಾದ ಮಕ್ಕಳ ಆಹಾರದಿಂದ ಗೋಧಿಯನ್ನು ತೆಗೆದೂ ಮರಳಿ ಸೇರಿಸಿಯೂ ಮಾಡಿದ ಅವಲೋಕನಗಳನ್ನು 1950ರ ತನ್ನ ಪ್ರಬಂಧದಲ್ಲಿ ಮಂಡಿಸಿದನು. ರೋಗಿಗೂ ವೈದ್ಯನಿಗೂ ಏನು ಕೊಡಲಾಗುತ್ತಿದೆ ಎಂಬುದು ತಿಳಿಯದಂತೆ ನಡೆಸುವ ಉಭಯಾಂಧ ಪ್ರಾಶನ ಪರೀಕ್ಷೆಯನ್ನು 1976ರಲ್ಲಿ ಡೆನ್ವರಿನ ಚಾರ್ಲ್ಸ್ ಮೇ ಎಂಬಾತನು ಬಳಕೆಗೆ ತಂದ ಮೇಲೆ ಈ ಶಾಸ್ತ್ರಕ್ಕೆ ಒಂದು ಒರೆಗಲ್ಲು ದೊರೆಯಿತು.

ರಚನೆ

ಪೂರ್ವಸಿದ್ಧತೆಯ ಹಂತದಲ್ಲಿ ವೈದ್ಯನು ರೋಗಿಯ ವೃತ್ತಾಂತವನ್ನು ಕೂಲಂಕಷವಾಗಿ ವಿಚಾರಿಸುತ್ತಾನೆ: ಏನನ್ನು ತಿಂದಾಗ, ಎಷ್ಟು ತಿಂದಾಗ, ಎಷ್ಟು ಹೊತ್ತಿನ ಮೇಲೆ, ಪ್ರತಿಸಲವೂ ಆಗುತ್ತದೆಯೇ, ವ್ಯಾಯಾಮ ಮಾಡಿದಾಗ ಅಥವಾ ನೋವಿನ ಮಾತ್ರೆ ನುಂಗಿದಾಗ ಮಾತ್ರ ಆಗುತ್ತದೆಯೇ. ಒಂದೆರಡು ವಾರ ಆಹಾರದ ದಿನಚರಿಯನ್ನು ಬರೆಸಲಾಗುತ್ತದೆ. ಈ ದಿನಚರಿಯಲ್ಲಿ ‘ಸಾರು, ಪಲ್ಯ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಬೇಳೆ ಯಾವುದು, ಒಗ್ಗರಣೆಯ ಎಣ್ಣೆ ಯಾವುದು, ಪುಡಿ ಮನೆಯದೋ ಅಂಗಡಿಯದೋ ಎಂಬುದೆಲ್ಲ ಬೇಕು. ಬಿಡಿಸುವುದಕ್ಕೆ ಮೊದಲಿನ ಬಾಧೆಯ ತೀವ್ರತೆಯನ್ನು ಅಂಕಗಳಲ್ಲಿ ಗುರುತಿಸಿಟ್ಟುಕೊಳ್ಳದಿದ್ದರೆ ಮುಂದೆ ಹೋಲಿಸಲು ಆಧಾರವೇ ಇರುವುದಿಲ್ಲ.

ವರ್ಜನೆಯ ಹಂತ ಸಾಮಾನ್ಯವಾಗಿ ಎರಡರಿಂದ ಆರು ವಾರ ನಡೆಯುತ್ತದೆ. ಎದೆಹಾಲು ಕುಡಿಯುವ ಕೂಸಿಗೆ ಬಾಧೆಯಿದ್ದಲ್ಲಿ ತಾಯಿಯೇ ಆ ಆಹಾರವನ್ನು ಬಿಡಬೇಕಾಗುತ್ತದೆ. ವರ್ಜನೆ ಪೂರ್ಣವಾಗಿರಬೇಕು, ವಾರಕ್ಕೊಮ್ಮೆ ‘ಸ್ವಲ್ಪವೇ’ ತಿನ್ನುತ್ತ ಹೋದರೆ ಫಲಿತಾಂಶ ಕಲುಷಿತವಾಗಿ ಬಿಟ್ಟದ್ದೂ ವ್ಯರ್ಥ, ಕಾದದ್ದೂ ವ್ಯರ್ಥ. ನಿಯತಕಾಲ ಮುಗಿದರೂ ಬಾಧೆ ತಗ್ಗದಿದ್ದರೆ ಆ ಆಹಾರ ಕಾರಣವಲ್ಲವೆಂದು ತಿಳಿದು ಅದನ್ನು ಒಡನೆಯೇ ಬಳಕೆಗೆ ತರಬೇಕು. ಇನ್ನೂ ಒಂದು ತಿಂಗಳು ನೋಡೋಣ, ಇನ್ನೂ ಎರಡು ಪದಾರ್ಥ ಬಿಡೋಣ ಎಂದು ಮುಂದುವರಿಸುವುದು ಈ ವಿಧಾನದ ದುರುಪಯೋಗ.

ಪ್ರಾಶನ ಪರೀಕ್ಷೆಯೇ ವಿಧಾನದ ಹೃದಯ. ಬಾಧೆ ತಗ್ಗಿದಾಗ ರೋಗಿಗೆ ಅದನ್ನು ಮರಳಿ ಕೆಣಕುವ ಮನಸ್ಸಾಗದಿರುವುದು ಸಹಜ. ಆದರೆ ಬಾಧೆ ತಾನಾಗಿಯೇ ತಗ್ಗಿರಬಹುದು, ಋತು ಬದಲಾಗಿರಬಹುದು, ಅಂಗಡಿಯ ತಿಂಡಿ ನಿಂತು ಒಟ್ಟು ಊಟವೇ ಸುಧಾರಿಸಿರಬಹುದು, ಅಥವಾ ತಗ್ಗುವುದೆಂಬ ನಂಬಿಕೆಯೇ ತಗ್ಗಿಸಿರಬಹುದು. ಮರಳಿ ತಿಂದಾಗ ಮರುಕಳಿಸಿದರೆ ಮಾತ್ರ ಸಂಬಂಧ ದೃಢವಾಗುತ್ತದೆ. ಶೀಘ್ರ ಪ್ರತಿಕ್ರಿಯೆಯ ಪೂರ್ವವೃತ್ತಾಂತವಿಲ್ಲದ ವಯಸ್ಕನಿಗೆ ಹಾಲಿನ ಅಸಹಿಷ್ಣುತೆಯ ಶಂಕೆಯಿದ್ದಲ್ಲಿ, ಉದಾಹರಣೆಗೆ, ಮೊದಲ ದಿನ ಕಾಲು ಲೋಟ, ಎರಡನೆಯ ದಿನ ಅರ್ಧ ಲೋಟ, ಮೂರನೆಯ ದಿನ ಪೂರ್ತಿ ಲೋಟ ಹಾಲನ್ನು ಕೊಟ್ಟು, ಅನಂತರ ಎರಡು ಮೂರು ದಿನ ಬಿಡುವು ಕೊಟ್ಟು, ಆಮೇಲೆ ಮುಂದಿನ ಪದಾರ್ಥಕ್ಕೆ ಹೋಗಬಹುದು. ಕೊಡುವ ಪದಾರ್ಥ ಆದಷ್ಟು ಶುದ್ಧರೂಪದಲ್ಲಿರತಕ್ಕದ್ದು: ಹಾಲನ್ನು ಪರೀಕ್ಷಿಸುವಾಗ ಗೋಡಂಬಿ ಬಿದ್ದ ಪಾಯಸ ಸಲ್ಲದು, ಗೋಧಿಯನ್ನು ಪರೀಕ್ಷಿಸುವಾಗ ಹುದುಗುಸೇರಿದ ಬ್ರೆಡ್ಡಿಗಿಂತ ಬರಿಯ ಚಪಾತಿ ಉತ್ತಮ.

ಶೀಘ್ರ ಅಲರ್ಜಿಯ ಶಂಕೆಯಿದ್ದಲ್ಲಿ ಇದಾವುದನ್ನೂ ಮನೆಯಲ್ಲಿ ಮಾಡಕೂಡದು. ಆಸ್ಪತ್ರೆಯಲ್ಲಿ, ಅಡ್ರಿನಲಿನ್ ಚುಚ್ಚುಮದ್ದು ಕೈಗೆಟುಕುವಂತಿರುವಾಗ, ಅತ್ಯಲ್ಪ ಪ್ರಮಾಣದಿಂದ ತೊಡಗಿ ಮೆಟ್ಟಿಲುಮೆಟ್ಟಿಲಾಗಿ ಏರಿಸಲಾಗುತ್ತದೆ. ಅಮೆರಿಕ ಮತ್ತು ಯುರೋಪಿನ ತಜ್ಞರು ಕೂಡಿ 2012ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಈ ಪ್ರಮಾಣಗಳು ಆಹಾರದ ಪ್ರೋಟೀನಿನ ಲೆಕ್ಕದಲ್ಲಿ 3, 10, 30, 100, 300, 1000, 3000 ಮಿಲಿಗ್ರಾಂ. ಎರಡು ಮೆಟ್ಟಿಲುಗಳ ನಡುವೆ ಕನಿಷ್ಠ 20 ನಿಮಿಷದ ಅಂತರ. ಉಭಯಾಂಧ ಪರೀಕ್ಷೆಯಲ್ಲಿ ಶಂಕಿತ ಪದಾರ್ಥವನ್ನು ಬೇರೊಂದು ತಿನಿಸಿನಲ್ಲಿ ರುಚಿ ವಾಸನೆ ತಿಳಿಯದಂತೆ ಅಡಗಿಸಿ, ಅದೇ ರೂಪದ ಹುಸಿ ತಿನಿಸಿನೊಡನೆ ಬೇರೆ ಬೇರೆ ದಿನಗಳಲ್ಲಿ ಕೊಡಲಾಗುತ್ತದೆ.

ಪ್ರಭೇದಗಳು

ಒಂದೇ ಪದಾರ್ಥವನ್ನು ಬಿಡಿಸುವುದು ಸರಳವಾದ ಪ್ರಭೇದ. ವೃತ್ತಾಂತ ಸ್ಪಷ್ಟವಾಗಿದ್ದಾಗ ಇದೇ ಸಾಕು. ಇದಕ್ಕೆ ವಿರುದ್ಧವಾದುದು ಅಲ್ಪಾಹಾರ ಕ್ರಮ. ಅದರಲ್ಲಿ ಬಿಡುವ ಪದಾರ್ಥಗಳ ಬದಲು ತಿನ್ನಬಹುದಾದ ಕೆಲವನ್ನೇ, ಅಕ್ಕಿ, ಕುರಿಮಾಂಸ, ಪೇರ್ ಹಣ್ಣು ಮೊದಲಾದವನ್ನು, ಹೇಳಲಾಗುತ್ತದೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ತೀವ್ರ ಅರೆತಲೆನೋವಿನ 88 ಮಕ್ಕಳಿಗೆ ಇದನ್ನು ಪ್ರಯೋಗಿಸಿದ ವರದಿ 1983ರಲ್ಲಿ ಪ್ರಕಟವಾಗಿ ಬಹು ಚರ್ಚಿತವಾಯಿತು. ಇನ್ನೂ ಕಠಿಣವಾದುದು ಅಮೈನೋ ಆಮ್ಲಗಳಿಂದ ತಯಾರಿಸಿದ ದ್ರವಾಹಾರವನ್ನಷ್ಟೇ ಕೊಡುವ ಕ್ರಮ.

ಇಯೊಸಿನೊಫಿಲಿಕ್ ಅನ್ನನಾಳದ ಉರಿಯೂತದಲ್ಲಿ ಹಾಲು, ಗೋಧಿ, ಮೊಟ್ಟೆ, ಸೋಯಾ, ಕಡಲೆಕಾಯಿ ಮತ್ತು ಬೀಜಫಲಗಳು, ಮೀನು ಮತ್ತು ಸಿಗಡಿ ಏಡಿಗಳು ಎಂಬ ಆರು ವರ್ಗಗಳನ್ನು ಒಟ್ಟಿಗೆ ಬಿಡಿಸುವ ಷಡ್ವರ್ಜನ ಕ್ರಮ 2006ರಲ್ಲಿ ಷಿಕಾಗೋದಿಂದ ವರದಿಯಾಯಿತು. ಇಲ್ಲಿ ರೋಗಿಯ ಹೇಳಿಕೆಯನ್ನಷ್ಟೇ ನಂಬದೆ ಎಂಡೋಸ್ಕೋಪಿಯಿಂದ ಅನ್ನನಾಳದ ತುಣುಕನ್ನು ತೆಗೆದು ಪರೀಕ್ಷಿಸಬೇಕಾಗುತ್ತದೆ. ಹಾಲೊಂದನ್ನೇ ಬಿಡಿಸಿದವರಲ್ಲಿ 34 ಪ್ರತಿಶತ, ಆರನ್ನೂ ಬಿಡಿಸಿದವರಲ್ಲಿ 40 ಪ್ರತಿಶತ ವಯಸ್ಕರು ಆರು ವಾರದಲ್ಲಿ ಗುಣಹೊಂದಿದರೆಂದೂ ಈ ಅಂತರ ಗಣನೀಯವಲ್ಲವೆಂದೂ ಅಮೆರಿಕದ 2023ರ ಅಧ್ಯಯನವೊಂದು ತೋರಿಸಿದ ಮೇಲೆ, ಒಂದರಿಂದ ಆರಂಭಿಸಿ ಅಗತ್ಯವಿದ್ದರೆ ಹೆಚ್ಚಿಸುವ ಪದ್ಧತಿಗೆ ಒಲವು ಬೆಳೆದಿದೆ.

ಫಾಡ್‌ಮ್ಯಾಪ್ ವರ್ಜನೆ ಅಲರ್ಜಿಗೆ ಸಂಬಂಧಿಸಿದುದಲ್ಲ. ಸಣ್ಣಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ ಮುಂದೆ ಹುದುಗೆದ್ದು ವಾಯುವನ್ನುಂಟುಮಾಡುವ ಕೆಲವು ಸಕ್ಕರೆಗಳನ್ನು ಬಿಡಿಸುವ ಈ ಕ್ರಮವನ್ನು ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಕೆರಳುವ ಕರುಳಿನ ರೋಗಕ್ಕಾಗಿ ರೂಪಿಸಿದರು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಲವು ಬೇಳೆಗಳು ಇದರಲ್ಲಿ ವರ್ಜ್ಯ. ಬೆಳ್ಳುಳ್ಳಿಯಲ್ಲಿರುವ ಇಂಥ ಸಕ್ಕರೆಯಾದ ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗದು. ಆದುದರಿಂದ ಎಸಳನ್ನು ಎಣ್ಣೆಯಲ್ಲಿ ಬಾಡಿಸಿ ಹೊರತೆಗೆದರೆ ಪರಿಮಳ ಒಗ್ಗರಣೆಗೆ ಉಳಿದು ಬಾಧಕಾಂಶ ದೂರವಾಗುತ್ತದೆ.

ಅಡುಗೆಮನೆಯಲ್ಲಿ ವರ್ಜನೆ

ಕರ್ನಾಟಕದ ಅಡುಗೆಗೆ ಪರದೇಶದ ಪಟ್ಟಿಯನ್ನು ಹಾಗೆಯೇ ಅನ್ವಯಿಸಿದರೆ ಹೆಸರಿನಿಂದಲೇ ತೊಡಕು ಆರಂಭವಾಗುತ್ತದೆ. ‘ಕಡಲೆ’ ಎಂಬ ಒಂದೇ ಮಾತಿನಿಂದ ಕಡಲೆಬೇಳೆಯೂ ಕಡಲೆಕಾಯಿಯೂ ಸೂಚಿತವಾಗುವುದುಂಟು. ಚಟ್ನಿಗೆ ಹಾಕುವ ಹುರಿಗಡಲೆ ಕಡಲೆಬೇಳೆಯ ಜಾತಿಯದು, ಉತ್ತರದ ಜಿಲ್ಲೆಗಳ ಚಟ್ನಿಪುಡಿಯ ಶೇಂಗಾ ಕಡಲೆಕಾಯಿಯೇ. ‘ಜೋಳ’ ಎಂದರೆ ರೊಟ್ಟಿಯ ಬಿಳಿಜೋಳವೋ ಮುಸುಕಿನ ಜೋಳವೋ ಎಂದು ಕೇಳಿ ತಿಳಿಯಬೇಕು. ಪಟ್ಟಿಯಲ್ಲಿ ಈ ಭೇದಗಳನ್ನು ಬಿಡಿಸಿ ಬರೆಯದ ಹೊರತು ವರ್ಜನೆ ನಿಜವಾಗಿ ನಡೆಯಿತೆಂದು ನಂಬಲಾಗದು.

ಗೋಧಿಯನ್ನು ಬಿಟ್ಟವರು ಚಪಾತಿಯನ್ನು ಬಿಡುತ್ತಾರೆ, ಆದರೆ ಉಪ್ಪಿಟ್ಟಿನ ರವೆ, ಶ್ಯಾವಿಗೆ, ಹೋಳಿಗೆಯ ಕಣಕ ಇವೂ ಗೋಧಿಯೇ ಎಂಬುದು ಮರೆಯುತ್ತದೆ. ಎಲ್ಲಕ್ಕಿಂತ ಸೂಕ್ಷ್ಮವಾದುದು ಇಂಗು. ಶುದ್ಧ ಇಂಗು ಅತಿ ಘಾಟಾದ್ದರಿಂದ ಅಂಗಡಿಯ ಡಬ್ಬಿಯ ಇಂಗನ್ನು ಗೋಂದು ಮತ್ತು ಹಿಟ್ಟಿನೊಡನೆ ಕೂಡಿಸಿರುತ್ತಾರೆ. ಆ ಹಿಟ್ಟು ಅನೇಕ ಸಲ ಗೋಧಿಯದು. ಹೀಗೆ ಅನ್ನ ಸಾರು ಬಿಟ್ಟು ಬೇರೇನನ್ನೂ ಉಣ್ಣದ ಸೀಲಿಯಾಕ್ ರೋಗಿಯ ತಟ್ಟೆಗೂ ಒಗ್ಗರಣೆಯ ಚಿಟಿಕೆಯೊಂದರ ಮೂಲಕ ಗ್ಲುಟೆನ್ ಬಂದು ಸೇರುತ್ತದೆ. ರಾಗಿಯಲ್ಲಿಯೂ ಬಿಳಿಜೋಳದಲ್ಲಿಯೂ ಗ್ಲುಟೆನ್ ಇಲ್ಲ. ಆದರೆ ಗೋಧಿ ಬೀಸಿದ ಗಿರಣಿಯ ಕಲ್ಲಿನಲ್ಲೇ ಅವನ್ನು ಬೀಸಿಸಿದರೆ ಹಿಟ್ಟು ಮಿಶ್ರವಾಗುತ್ತದೆ. ಹಸುವಿನ ಹಾಲು ಬಿಟ್ಟು ಎಮ್ಮೆಯ ಅಥವಾ ಆಡಿನ ಹಾಲು ಕೊಡುವುದು ಅಲರ್ಜಿಯ ದೃಷ್ಟಿಯಿಂದ ವರ್ಜನೆಯೇ ಅಲ್ಲ, ಅವುಗಳ ಪ್ರೋಟೀನುಗಳು ಅಷ್ಟು ಸಮೀಪದವು. ಗಾಣದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನಿನ ಅಂಶ ಉಳಿದಿರುತ್ತದೆ. ಚೆನ್ನಾಗಿ ಸಂಸ್ಕರಿಸಿದ ಎಣ್ಣೆಯಲ್ಲಿ ಅದು ಬಹುಮಟ್ಟಿಗೆ ಹೋಗಿರುತ್ತದೆ.

ಬಾಹ್ಯರೂಪದಲ್ಲಿ ಈ ಕ್ರಮವನ್ನು ಹೋಲುವ ಆಚರಣೆಯೊಂದು ನಾಡಿನಲ್ಲಿ ಉಂಟು. ಚಾತುರ್ಮಾಸ್ಯದ ನಾಲ್ಕು ತಿಂಗಳುಗಳಲ್ಲಿ ಕ್ರಮವಾಗಿ ಶಾಕ, ಮೊಸರು, ಹಾಲು, ದ್ವಿದಳಧಾನ್ಯಗಳನ್ನು ತ್ಯಜಿಸಿ, ಆಯಾ ತಿಂಗಳು ಮುಗಿದೊಡನೆ ಆ ಪದಾರ್ಥವನ್ನು ಮರಳಿ ಸ್ವೀಕರಿಸುವ ವ್ರತ ಧಾರ್ಮಿಕವಾದುದು, ರೋಗನಿರ್ಣಯ ಅದರ ಉದ್ದೇಶವಲ್ಲ. ಆದರೂ ಹಾಲಿಲ್ಲದ ತಿಂಗಳ, ಬೇಳೆಯಿಲ್ಲದ ತಿಂಗಳ ಅಡುಗೆಯನ್ನು ಬಲ್ಲ ಮನೆಗೆ ವೈದ್ಯನ ಪಟ್ಟಿ ಅಷ್ಟಾಗಿ ದುಸ್ಸಾಧ್ಯವೆನಿಸದು.

ಅಪಾಯಗಳು

ವರ್ಜನೆ ನಿರಪಾಯಕರವೆಂಬ ಭಾವನೆ ತಪ್ಪು. ತಿನ್ನುತ್ತಿರುವ ಆಹಾರಕ್ಕೆ ಶರೀರ ಕಾಯ್ದುಕೊಂಡಿರುವ ಸಹನೆ, ಅದನ್ನು ದೀರ್ಘಕಾಲ ಬಿಡಿಸಿದಾಗ ನಷ್ಟವಾಗಬಹುದು. ಆಹಾರದಿಂದ ಕೆರಳುವ ಇಸುಬಿನ ರೋಗಿಗಳಿಗೆ ವರ್ಜನೆ ಮಾಡಿಸಿದ ಮೇಲೆ, ಅದುವರೆಗೆ ಶೀಘ್ರ ಅಲರ್ಜಿ ಇಲ್ಲದಿದ್ದವರಲ್ಲಿ 19 ಪ್ರತಿಶತ ಮಂದಿಗೆ ಅದು ಹೊಸದಾಗಿ ತೋರಿತೆಂದು 2016ರ ಅಮೆರಿಕದ ವರದಿಯೊಂದು ತಿಳಿಸುತ್ತದೆ. ಲಂಡನ್ನಿನಲ್ಲಿ 640 ಶಿಶುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ, ಅಲರ್ಜಿಯ ಸಂಭವ ಹೆಚ್ಚಾಗಿರುವ ಕೂಸುಗಳಿಗೆ ಕಡಲೆಕಾಯಿಯನ್ನು ಬಿಡಿಸುವುದಕ್ಕಿಂತ ಬೇಗನೆ ತಿನ್ನಿಸುವುದೇ ರಕ್ಷೆಯೆಂದು ಸ್ಥಾಪಿಸಿ ಹಳೆಯ ಉಪದೇಶವನ್ನು ತಲೆಕೆಳಗುಮಾಡಿತು.

ಪೋಷಣೆಯ ಹಾನಿ ಮಕ್ಕಳಲ್ಲಿ ಘೋರವಾದುದು. ಹಾಲಿನ ಬದಲು ಅಕ್ಕಿಯ ಪಾನೀಯವನ್ನು ನಂಬಿದ ಎಳೆಯ ಮಗುವಿಗೆ ಪ್ರೋಟೀನಿನ ಕೊರತೆಯಿಂದ ಕ್ವಾಶಿಯೋರ್ಕರ್ ಎಂಬ ರೋಗ ಬಂದುದು ಸಂಪನ್ನ ದೇಶದಿಂದಲೇ ವರದಿಯಾಗಿದೆ. ಹಾಲನ್ನು ಬಿಡಿಸಿದಲ್ಲಿ ಸುಣ್ಣದ ಅಂಶಕ್ಕೆ ಬೇರೆ ಮೂಲ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟಾದರೂ ಅದರಲ್ಲಿನ ಫೈಟೇಟೆಂಬ ಅಂಶ ಹೀರಿಕೆಯನ್ನು ಕುಗ್ಗಿಸುತ್ತದೆ. ಮಕ್ಕಳ, ಗರ್ಭಿಣಿಯರ, ಹಾಲೂಡುವ ತಾಯಂದಿರ ವರ್ಜನೆ ಆಹಾರತಜ್ಞರ ಕಣ್ಣಿನಡಿಯಲ್ಲೇ ನಡೆಯಬೇಕು. ಸೀಲಿಯಾಕ್ ರೋಗದ ಶಂಕೆಯಿರುವವರು ರಕ್ತಪರೀಕ್ಷೆಗೆ ಮುಂಚೆ ಗೋಧಿಯನ್ನು ಬಿಡಲೇಕೂಡದು. ಬಿಟ್ಟರೆ ಪ್ರತಿಕಾಯಗಳು ಇಳಿದು ರೋಗ ಮರೆಯಾಗುತ್ತದೆ.

ಪ್ರಸ್ತುತ ಸ್ಥಿತಿ

ಆಹಾರದ ಅಲರ್ಜಿಯೆಂದು ಜನ ಭಾವಿಸಿಕೊಂಡಿರುವುದರಲ್ಲಿ 50ರಿಂದ 90 ಪ್ರತಿಶತ ಅಲರ್ಜಿಯಲ್ಲವೆಂದು ಅಮೆರಿಕದ 2010ರ ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಕರ್ನಾಟಕದ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆ ಇದಕ್ಕೆ ಸಮೀಪದ ಸಾಕ್ಷ್ಯವನ್ನೊದಗಿಸಿತು: ಆಹಾರಕ್ಕೆ ಸಂವೇದೀಕರಣ 26.5 ಪ್ರತಿಶತ ಮಂದಿಯಲ್ಲಿ ಕಂಡುಬಂದರೂ ಸಂಭಾವ್ಯ ಅಲರ್ಜಿ ಕಂಡದ್ದು 1.2 ಪ್ರತಿಶತದಲ್ಲಿ ಮಾತ್ರ. ರಕ್ತದ ವರದಿಯೊಂದನ್ನೇ ಹಿಡಿದು ಆಹಾರಗಳನ್ನು ಹೊಡೆದುಹಾಕುವುದು ಎಷ್ಟು ಅನ್ಯಾಯವೆಂಬುದು ಈ ಎರಡು ಅಂಕೆಗಳ ನಡುವಿನ ಅಂತರದಿಂದ ಸ್ಪಷ್ಟ. ನಂಜೆಂದು ಹೆಸರಾದ ಬದನೆಕಾಯಿಯೂ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಅಧ್ಯಯನಕ್ಕೆ ವಿಷಯವಾಗಿದ್ದು, ಅದರಿಂದ ಬಾಧೆಪಡುವವರಲ್ಲಿ ಐಜಿಇ ಮೂಲದ ಅಲರ್ಜಿಯುಳ್ಳವರು ಅಲ್ಪಾಂಶವೆಂದು ತಿಳಿದುಬಂದಿದೆ. ಸೀಲಿಯಾಕ್ ರೋಗದ ಪ್ರತಿಕಾಯಗಳು ಉತ್ತರ ಭಾರತದ ವಯಸ್ಕರಲ್ಲಿ 1.23 ಪ್ರತಿಶತ ಮಂದಿಯಲ್ಲಿದ್ದರೆ ದಕ್ಷಿಣದಲ್ಲಿ 0.10 ಪ್ರತಿಶತದಲ್ಲಿ ಮಾತ್ರವೆಂದು 2016ರ ಇನ್ನೊಂದು ಅಧ್ಯಯನ ಗುರುತಿಸಿದೆ.

ಹಲವಾರು ಆಹಾರಗಳಿಗೆ ಐಜಿಜಿ ಪ್ರತಿಕಾಯವನ್ನು ಅಳೆದು ‘ಒಗ್ಗದ ಪಟ್ಟಿ’ ಕೊಡುವ ಪರೀಕ್ಷೆಗಳು ಮಾರುಕಟ್ಟೆಯಲ್ಲಿ ಹೇರಳವಾಗಿವೆ. ಐಜಿಜಿ ಇರುವುದು ಆ ಆಹಾರವನ್ನು ತಿಂದುದರ ಗುರುತೇ ಹೊರತು ರೋಗದ ಗುರುತಲ್ಲವೆಂದು ಯುರೋಪಿನ ಅಲರ್ಜಿ ಅಕಾಡೆಮಿ 2008ರಲ್ಲೇ ಸ್ಪಷ್ಟಪಡಿಸಿದೆ; ಇಂಥ ಪಟ್ಟಿಯನ್ನು ಆಧರಿಸಿ ವರ್ಜನೆಯನ್ನು ಕೈಗೊಳ್ಳಕೂಡದು.

ಭಾರತದಲ್ಲಿ 2020ರ ಆಹಾರ ಲೇಬಲ್ ನಿಯಮಾವಳಿಯ ಪ್ರಕಾರ ಗ್ಲುಟೆನ್ ಧಾನ್ಯಗಳು, ಸಿಗಡಿ ಏಡಿಗಳು, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಬೀಜಫಲಗಳು, ಸೋಯಾ, ಕಿಲೋಗ್ರಾಂಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಸಲ್ಫೈಟು ಇವುಗಳನ್ನು ಪೊಟ್ಟಣದ ಮೇಲೆ ಘೋಷಿಸತಕ್ಕದ್ದು. ಎಳ್ಳೂ ಕಡಲೆಬೇಳೆಯೂ ಈ ಪಟ್ಟಿಯಲ್ಲಿಲ್ಲ. ಕಾಗದದ ಪೊಟ್ಟಣದಲ್ಲಿ ಬಿಡಿಯಾಗಿ ಕಟ್ಟಿಕೊಡುವ ಖಾರಕ್ಕೂ ಮದುವೆಯ ಪಂಕ್ತಿಯಲ್ಲಿ ಬಡಿಸುವ ಹುಳಿಗೂ ಲೇಬಲ್ ಇಲ್ಲದಿರುವುದರಿಂದ, ಅಲ್ಲಿ ವರ್ಜನೆಯನ್ನು ಪಾಲಿಸುವವರು ಒಗ್ಗರಣೆಯಲ್ಲಿ ಏನು ಬಿದ್ದಿದೆ ಎಂಬುದನ್ನು ಅಡುಗೆಯವರನ್ನೇ ಕೇಳಿ ತಿಳಿಯಬೇಕಾಗಿದೆ.